ಗೋಡೌನ್ ಕಟ್ಟೆಯೂ ದೊರೆ ಎಂಬ ಎತ್ತೂ

ಹಾಸನದ ಗೋಡೌನಿಗೆ ನನ್ನನ್ನು ಹಾಕಿದಾಗ ಅಲ್ಲಿ ಮೂಟೆ ಇಳಿಸಲು ಕಟ್ಟೆ ಅನ್ನುವುದೇ ಇರಲಿಲ್ಲ. ಕಡಿದಾದ ಮೆಟ್ಟಿಲು, ಮೆಟ್ಟಿಲ ಮೇಲೆ ಬಾಗಿಲು, ಅಷ್ಟೆ. ಹಮಾಲಿಗಳು ರಾಗಿ ಮೂಟೆ ಬೆನ್ನಿಗೇರಿಸಿಕೊಂಡು ಅದನ್ನು ಹತ್ತುವುದನ್ನು ನೋಡಿದರೆ ನೋಡುವವನ ಮಂಡಿ ನೋಯುತ್ತಿತ್ತು. ಐವತ್ತರ ದಶಕ ಮುಗಿಯುತ್ತಾ ಬಂದಿತ್ತು. ತಾಲ್ಲೂಕಿಗೊಂದು ಗೋಡೌನು ಏಳುತ್ತಿದ್ದ ಕಾಲ. ಮೊದಲು ಹಾಸನದಲ್ಲಿ ಕಟ್ಟೆ ಕಟ್ಟಿ ನೋಡುವುದು, ಸರಿಬಂದರೆ ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದಲ್ಲೂ ಅದೇ ಮಾದರಿ ಎಂದು ಮೇಲಿನವರ ಅಪ್ಪಣೆಯಾಯಿತು. ನಾನು ದಾಸ್ತಾನು ನೋಡಿಕೊಳ್ಳುವವನು. ಕಟ್ಟೆಯ ಕೆಲಸವೂ ನನ್ನ ತಲೆಗೇ ಬಂತು. ಸಿಟ್ಟು ಬಂತು, ನನಗೆ ಅದು ಬೇಗ ಬರುತ್ತದೆ, ಆದರೆ ಒಳಗೊಳಗೇ ಖುಷಿಯೂ ಆಯಿತು. ಮರ, ಕಲ್ಲು, ಅಳತೆ ಅಂದರೆ ನನಗೆ ಮೊದಲಿನಿಂದಲೂ ಹುಚ್ಚು.

ನಕ್ಷೆ ಮೇಲಿನಿಂದಲೇ ಬಂದಿತ್ತು. ಲಾರಿಯ ಹಲಗೆ ಎಷ್ಟು ಎತ್ತರ ಬರುತ್ತದೋ ಅಷ್ಟೇ ಎತ್ತರಕ್ಕೆ, ಅಂದರೆ ಆಳಿನ ಎದೆಮಟ್ಟಕ್ಕೆ, ಉದ್ದಕ್ಕೂ ಕಲ್ಲಿನ ಕಟ್ಟೆ. ಅಂಚಿಗೆ ಕಬ್ಬಿಣದ ಪಟ್ಟಿ. ಲಾರಿ ಹಿಂದಕ್ಕೆ ಬಂದು ಗುದ್ದಿದರೆ ಕಲ್ಲು ಒಡೆಯಬಾರದೆಂದು ಹಳೇ ಟೈರುಗಳನ್ನು ಅಂಚಿಗೆ ನೇತುಹಾಕಿದೆವು. ಕೆಳಗೆ ನೆಲದಲ್ಲಿ, ಚಕ್ರ ಬಂದು ತಡೆಯಲಿ ಎಂದು, ಮತ್ತಿ ಮರದ ದಪ್ಪ ತೊಲೆ ಹೂತೆವು. ಲಾರಿಯ ಹಿಂಭಾಗ ಚಕ್ರದಿಂದಾಚೆ ಉದ್ದಕ್ಕೆ ಚಾಚಿಕೊಂಡಿರುತ್ತದಲ್ಲ, ಆ ಲೆಕ್ಕಕ್ಕೆ ತೊಲೆಯನ್ನು ಕಟ್ಟೆಯಿಂದ ದೂರದಲ್ಲಿಟ್ಟಿದ್ದರು. ಲಾರಿಯಿಂದ ಕಟ್ಟೆಗೆ ಹಾಸಲು ಹೊನ್ನೆ ಹಲಗೆ. ಅದು ಜಾರಬಾರದೆಂದು ಅಡಿಯಲ್ಲಿ ಕೊಕ್ಕೆ ಹೊಡೆಸಿದೆ. ಮಳೆ ನೀರು ಬೀಳದಂತೆ ಸೂರನ್ನು ಮುಂದಕ್ಕೆ ಎಳೆಸಿದೆ. ಮೊದಲ ಲಾರಿ ಗೊಬ್ಬರದ ಚೀಲ ತಂದು ನಿಂತಾಗ ಹಮಾಲಿಗಳು ನೆಟ್ಟಗೆ ನಡೆದುಕೊಂಡೇ ಒಳಗೆ ಹೋದರು. ಅವರ ಮೇಸ್ತ್ರಿ ನನ್ನ ಹತ್ತಿರ ಬಂದು, "ಸಾ, ಮದುವೆ ಮನೆಗೆ ಓದಂಗಾಯ್ತು" ಅಂದ. ಅವನ ಬಾಯಲ್ಲಿ ಒಳ್ಳೆಯ ಮಾತು ಬರುವುದೇ ಅಪರೂಪ. ನಾನು ಆ ದಿನವೆಲ್ಲ ಬೀಗಿಕೊಂಡು ಓಡಾಡಿದೆ.

ಆದರೆ ನಮಗೆ ಲಾರಿ ಬರುತ್ತಿದ್ದುದು ಗೊಬ್ಬರಕ್ಕೆ. ರಾಗಿ, ಭತ್ತ, ಕೊಬ್ಬರಿ ಎಲ್ಲ ಬರುತ್ತಿದ್ದುದು ಎತ್ತಿನ ಗಾಡಿಯಲ್ಲಿ.

ಗಾಡಿಯವರದ್ದು ಒಂದು ಪದ್ಧತಿ. ಬಂದ ತಕ್ಷಣ ಎತ್ತು ಬಿಚ್ಚುತ್ತಾರೆ. ಎತ್ತಿನ ಹೆಗಲ ಮೇಲೆ ನೊಗ ಇರುವಾಗ ಮೂಟೆಗೆ ಕೈ ಹಾಕುವಂತಿಲ್ಲ. ಎತ್ತನ್ನು ನೆರಳಿಗೆ ಕಟ್ಟಿ, ಹುಲ್ಲು ಹಾಕಿ, ಆಮೇಲೆ ಮೂಕಿಯನ್ನು, ಅಂದರೆ ಗಾಡಿಯ ಮುಂದಿನ ಉದ್ದ ಮರದ ತುದಿಯನ್ನು, ನೆಲಕ್ಕೆ ಇಳಿಸಿ, ಓರೆಯಾಗಿ ನಿಂತ ಗಾಡಿಯಿಂದ ಒಂದೊಂದೇ ಮೂಟೆ ಇಳಿಸಬೇಕು. ಸುಗ್ಗಿಯಲ್ಲಿ ಅಂಗಳದ ತುಂಬ ಗಾಡಿ, ಎತ್ತು, ಸೆಗಣಿ, ಬೈಗುಳ. ಬೆಳಿಗ್ಗೆ ಬಂದವರು ಸಂಜೆಯಾದರೂ ಹೊರಡುತ್ತಿರಲಿಲ್ಲ. ಹೊಸ ಕಟ್ಟೆಯ ಜೊತೆಗೆ ಹೊಸ ನಿಯಮವೂ ಬಂತು: ಗಾಡಿಗಳೂ ಲಾರಿಯಂತೆ ಹಿಂದಕ್ಕೆ ಬಂದು ಕಟ್ಟೆಗೆ ನಿಲ್ಲಬೇಕು, ಎತ್ತು ಬಿಚ್ಚುವಂತಿಲ್ಲ, ಖಾಲಿಯಾದ ಕೂಡಲೇ ಜಾಗ ಬಿಡಬೇಕು. ಗಾಡಿಯವರು ಗೊಣಗಿದರು. ಬೇಗ ಮನೆ ಸೇರುವ ಆಸೆ ಅವರಿಗೂ ಇತ್ತು. ಒಪ್ಪಿಕೊಂಡರು.

ಒಪ್ಪದೆ ಜಗಳಕ್ಕೆ ನಿಂತವಳು ಒಬ್ಬಳೇ. ಶಾಂತಿಗ್ರಾಮದ ಕಡೆಯ ಹೆಂಗಸು. ಅಪ್ಪನಿಗೆ ಗಂಡು ಮಕ್ಕಳಿರಲಿಲ್ಲ, ಅವನ ಕೈಕಾಲು ಸೋತ ಮೇಲೆ ಬಾಡಿಗೆ ಗಾಡಿ ಇವಳೇ ಹೊಡೆಯುತ್ತಿದ್ದಳು. ಮದುವೆಯಾಗಿರಲಿಲ್ಲ. ನಮ್ಮಲ್ಲಿ ಎಲ್ಲರೂ ಅವಳನ್ನು ಗಾಡಿಯಕ್ಕ ಅಂತಲೇ ಕರೆಯುತ್ತಿದ್ದರು, ನನಗಿಂತ ದೊಡ್ಡವಳಾದ್ದರಿಂದ ನಾನೂ ಅಕ್ಕ ಅನ್ನುತ್ತಿದ್ದೆ. ಅವಳ ಎತ್ತುಗಳ ಹೆಸರು ದೊರೆ, ಮಂತ್ರಿ. ಮಂತ್ರಿಯನ್ನು ಜಾತ್ರೆಯಲ್ಲಿ ಕೊಂಡದ್ದು. ದೊರೆ ಮನೆಯಲ್ಲೇ ಹುಟ್ಟಿದ್ದು. ತಾಯಿ ಹಸು ಈದ ಕೂಡಲೇ ಸತ್ತು, ಕರುವಿಗೆ ಬಟ್ಟೆಯ ಬತ್ತಿಯಲ್ಲಿ ಹಾಲು ಚೀಪಿಸಿ ಇವಳೇ ಬೆಳೆಸಿದ್ದಳು.

"ನೊಗ ಒತ್ಕಂಡು ನಿಂತಿರೋವಾಗ ಮೂಟೆ ಎಳುದ್ರೆ ಆ ಮೂಗಪ್ರಾಣಿ ಕೊರಳು ಏನಾಗ್ಬೇಕು ಸಾ?" ಎಂದು ಕೇಳಿದಳು.

"ಎಲ್ಲರಿಗೂ ಒಂದೇ ನಿಯಮ ಅಕ್ಕ. ನಿನ್ನ ದೊರೆಗೆ ಬೇರೆ ಕಾನೂನು ಮಾಡೋಕಾಗುತ್ತಾ?" ಎಂದೆ.

"ಮಾಡ್ಬೇಕು. ಎಸ್ರೇ ದೊರೆ ಅಲ್ವಾ" ಎಂದಳು. ಸುತ್ತಲಿದ್ದವರು ನಕ್ಕರು. ಅವಳೂ ನಕ್ಕಳು, ಆದರೆ ಕೈ ಎತ್ತಿನ ಬೆನ್ನ ಮೇಲೇ ಇತ್ತು. ಹಿಂದೆ ನಾಲ್ಕಾರು ಗಾಡಿಗಳು ಕಾಯುತ್ತಿದ್ದವು. ಕೊನೆಗೆ ಅವಳೂ ಗಾಡಿಯನ್ನು ಕಟ್ಟೆಗೆ ತಿರುಗಿಸಿದಳು.

ಆಗ ಸಂಕ್ರಾಂತಿ ಮುಗಿದು ಸ್ವಲ್ಪ ದಿನವಾಗಿತ್ತು. ದೊರೆಯ ಕೋಡಿನ ಬಣ್ಣ ಇನ್ನೂ ಮಾಸಿರಲಿಲ್ಲ. ಗಾಡಿ ಹಿಂದಕ್ಕೆ ಬಂತು. ಚಕ್ರ ತೊಲೆಗೆ ತಾಕಿ ನಿಂತಿತು. ಗಾಡಿಯ ಹಿಂಭಾಗ ಲಾರಿಯಷ್ಟು ಚಾಚಿರುವುದಿಲ್ಲ, ಹಾಗಾಗಿ ಅದರ ಬಾಲಕ್ಕೂ ಕಟ್ಟೆಗೂ ನಡುವೆ ಒಂದೂವರೆ ಮೊಳ ಖಾಲಿ ಉಳಿಯಿತು. ಗಾಡಿ ಲಾರಿಗಿಂತ ತಗ್ಗು ಬೇರೆ. ಹಮಾಲಿಗಳು ಹಲಗೆಯನ್ನು ಏರುಮುಖವಾಗಿ ಹಾಸಿ, ಹಿಂದಿನ ಮೂಟೆಗಳನ್ನು ಮೊದಲು ಎತ್ತಿದರು. ಹಿಂದೆ ಖಾಲಿಯಾದಂತೆ ಭಾರವೆಲ್ಲ ಮುಂದಕ್ಕೆ ಬಂತು. ಎತ್ತುಗಳ ಕತ್ತು ಬಗ್ಗಿತು. ದೊರೆ ಮೂತಿ ಮುಂದಕ್ಕೆ ಚಾಚಿ ಬುಸುಗುಟ್ಟತೊಡಗಿದ.

ಗಾಡಿಯ ಮೇಲೆ ಮೂಟೆ ಎತ್ತಿ ಕೊಡುತ್ತಿದ್ದವನು ದೊಡ್ಡಗದ್ದವಳ್ಳಿಯ ಹಮಾಲಿ. ಬಾಗಿಲಷ್ಟು ಅಗಲದ ಆಳು, ಮಾತು ಕಡಿಮೆ. ಎತ್ತಿನ ಕತ್ತು ಬಗ್ಗಿದ್ದು ಅವನ ಕಣ್ಣಿಗೆ ಬಿತ್ತು. "ಅಯ್ಯೋ, ಬಾರ ಆಯ್ತದೆ ಕಣ್ಲಾ ಅದುಕ್ಕೆ" ಎಂದು, ಎತ್ತಿನ ಹೆಗಲು ಹಗುರಾಗಲಿ ಎಂದು, ಮುಂದಿನ ಮೂಟೆಗಳನ್ನು ಒಂದರ ಹಿಂದೊಂದು ದರದರನೆ ಹಿಂದಕ್ಕೆ ಎಳೆದು ತಂದ. ಮೂಟೆಯ ಜೊತೆ ಅವನೂ ಹಿಂದಕ್ಕೆ ಬಂದ. ಅಲ್ಲಿ ಮೂಟೆ ಹೊರಲು ಇನ್ನೊಬ್ಬ ನಿಂತಿದ್ದ. ಇಷ್ಟೂ ಭಾರ ಬಾಲಕ್ಕೆ ಬಿದ್ದದ್ದೇ ತಡ, ಗಾಡಿಯ ಹಿಂಭಾಗ ಆ ಖಾಲಿ ಜಾಗದಲ್ಲಿ ಧಸಕ್ಕನೆ ಕೆಳಕ್ಕೆ ಹೋಯಿತು. ಹಲಗೆ ಕಳಚಿ ಬಿತ್ತು. ಮುಂದೆ ಮೂಕಿ ಮೇಲೆದ್ದಿತು, ಅದರ ಜೊತೆ ನೊಗ, ನೊಗದ ಜೊತೆ ಕೊರಳಿಗೆ ಕಟ್ಟಿದ್ದ ಜೊತ್ತಿಗೆ ಹಗ್ಗ.

ಮಂತ್ರಿಯ ಹಗ್ಗ ಹಳೆಯದು, ಹರಿಯಿತು. ದೊರೆಯದು ಹಬ್ಬಕ್ಕೆಂದು ಹಾಕಿದ ಹೊಸ ಹಗ್ಗ. ಅವನ ಕತ್ತು ಮೇಲಕ್ಕೆ ಸೆಳೆದು, ಮುಂಗಾಲು ನೆಲ ತಡಕುತ್ತಿದ್ದವು. ಗಾಡಿಯಕ್ಕ ಓಡಿ ಬಂದು ಮೂಕಿಗೆ ಎರಡೂ ಕೈಯಲ್ಲಿ ಜೋತುಬಿದ್ದಳು. ಅವಳ ಭಾರ ಸಾಲಲಿಲ್ಲ. ದೊಡ್ಡಗದ್ದವಳ್ಳಿಯವನು ಗಾಡಿಯಿಂದ ಹಾರಿ ಬಂದು ತಾನೂ ಜೋತುಬಿದ್ದ. ಮೂಕಿ ಇಳಿಯಿತು. ಮೇಸ್ತ್ರಿ ಚೀಲ ಕೊಯ್ಯುವ ಚಾಕುವಿನಿಂದ ಹಗ್ಗ ಕತ್ತರಿಸಿದ. ದೊರೆ ಮಂಡಿಯೂರಿ, ಆಮೇಲೆ ಪಕ್ಕಕ್ಕೆ ಬಿದ್ದ. ನಾಲಿಗೆ ಹೊರಗೆ ಬಂದಿತ್ತು. ನಾನು ಕಟ್ಟೆಯ ಮೇಲೆ ನಿಂತವನು ನಿಂತೇ ಇದ್ದೆ.

ದನದ ಡಾಕ್ಟರು ಬಂದು ಕೊರಳು ಮುಟ್ಟಿ ನೋಡಿದರು. ಉಸಿರಿನ ಕೊಳವೆ ಒಡೆದಿಲ್ಲ, ಬಾವು ಇಳಿಯುವವರೆಗೆ ಏನೂ ಹೇಳಲಾರೆ ಎಂದರು. ಬಿದಿರಿನ ಗೊಟ್ಟದಲ್ಲಿ ಗಂಜಿ ಗಿಂಜಿ ಹುಯ್ಯಬೇಡಿ, ಶ್ವಾಸಕ್ಕೆ ಹೋದರೆ ಮುಗಿಯಿತು, ತಾನಾಗಿ ತಿಂದರೆ ತಿನ್ನಲಿ ಎಂದರು. ಹೋಗುವಾಗ ನನ್ನನ್ನು ಪಕ್ಕಕ್ಕೆ ಕರೆದು, "ಬದುಕಬಹುದು. ಮತ್ತೆ ನೊಗಕ್ಕೆ ಕತ್ತು ಕೊಡುತ್ತಾ ಅನ್ನೋದೇ ಅನುಮಾನ. ಹೆದರಿಕೊಂಡ ಎತ್ತು ನೋಡಿ" ಎಂದರು. ನೊಗಕ್ಕೆ ಕತ್ತು ಕೊಡದ ಎತ್ತನ್ನು ಗಾಡಿ ಹೊಡೆದು ಬದುಕುವವರು ಇಟ್ಟುಕೊಳ್ಳಲಾರರು. ಒಂಟಿ ಮಂತ್ರಿಯಿಂದ ಗಾಡಿ ಹೋಗದು. ಗಾಡಿಯಕ್ಕನಿಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ದೊರೆಯನ್ನು ಗೋಡೌನಿನ ಪಕ್ಕದ ಹೊಂಗೆ ಮರದ ಕೆಳಗೇ ಇರಿಸಿಕೊಂಡೆವು. ಅವಳ ಊರಿಗೆ ಅಷ್ಟು ದೂರ ನಡೆಸುವ ಹಾಗಿರಲಿಲ್ಲ. ಅಪ್ಪನನ್ನು ತಂಗಿಯ ಮನೆಗೆ ಬಿಟ್ಟು ಗಾಡಿಯಕ್ಕ ಅಲ್ಲೇ ಚಾಪೆ ಹಾಸಿದಳು. ನನ್ನ ಹೆಂಡತಿ ಎರಡು ಹೊತ್ತು ಊಟ ಕಳಿಸುತ್ತಿದ್ದಳು, ಆಮೇಲಾಮೇಲೆ ತಾನೇ ತೆಗೆದುಕೊಂಡು ಹೋಗಿ ಕೂತು ಬರುತ್ತಿದ್ದಳು. ದೊರೆ ಏನೂ ಮುಟ್ಟಲಿಲ್ಲ. ಗಾಡಿಯಕ್ಕ ಅವನ ಬಾಯಿಯ ಹತ್ತಿರ ನೀರಿನಲ್ಲಿ ಅದ್ದಿದ ಗರಿಕೆ ಹಿಡಿದು, ಮಗುವಿಗೆ ಹೇಳುವಂತೆ, "ಒಂದೇ ಒಂದು ಎಸಳು ಕಣಪ್ಪ, ನನ್ ದೊರೆ, ಒಂದೆಸಳು ತಿನ್ನು" ಎನ್ನುತ್ತಿದ್ದಳು. ಅದನ್ನು ನೋಡಲಾರದೆ ನಾನು ಸುಮ್ಮನೆ ಹಮಾಲಿಗಳ ಮೇಲೆ ರೇಗಾಡಿಕೊಂಡು ಹೋಗುತ್ತಿದ್ದೆ.

ದೊಡ್ಡಗದ್ದವಳ್ಳಿಯವನು ಕೆಲಸಕ್ಕೆ ಬರುವ ಮೊದಲು ಕೆರೆಯ ಅಂಗಳದಿಂದ ಎಳೆ ಹುಲ್ಲು ಕೊಯ್ದು ತಂದು, ಮರದಿಂದ ದೂರಕ್ಕೇ ಇಟ್ಟು ಹೋಗುತ್ತಿದ್ದ. ಅವಳ ಮುಖ ನೋಡುತ್ತಿರಲಿಲ್ಲ. ಅವಳೂ ಅವನನ್ನು ಮಾತಾಡಿಸುತ್ತಿರಲಿಲ್ಲ. ಅವನು ಹೋದ ಮೇಲೆ ಎದ್ದು ಹುಲ್ಲು ತಂದುಕೊಳ್ಳುತ್ತಿದ್ದಳು. ಒಂದು ದಿನ ನಾನು, "ಪಾಪ ಅಕ್ಕ, ಅವನು ಬೇಕಂತ ಮಾಡಿದ್ದಲ್ಲ" ಎಂದೆ.

"ಗೊತ್ತು ಸಾ. ಮರುಕ ಪಟ್ಕಂಡೇ ಮಾಡ್ದ. ನಾನೂ ನೋಡ್ತಿದ್ನಲ್ಲ. ಅದುಕ್ಕೇ ಬಯ್ಯಕ್ಕೂ ಬಾಯಿ ಬರಾಕಿಲ್ಲ, ಮಾತಾಡ್ಸಕ್ಕೂ ಬರಾಕಿಲ್ಲ" ಎಂದಳು.

ಈ ಮಧ್ಯೆ ನಾನು ಗಾಡಿಗಳು ಕಟ್ಟೆಗೆ ಬರುವುದನ್ನೇ ನಿಲ್ಲಿಸಿದ್ದೆ. ಮತ್ತೆ ಅಂಗಳ ಗಿಜಿಗಿಜಿ. ಮತ್ತೆ ಮೆಟ್ಟಿಲು. ಖಾಲಿ ಗಾಡಿಯೊಂದನ್ನು ಎರವಲು ತಂದು, ಮರಳಿನ ಚೀಲ ಹೇರಿ, ಮೇಸ್ತ್ರಿಯನ್ನೂ ಬಡಗಿಯನ್ನೂ ಕಟ್ಟಿಕೊಂಡು ಪರೀಕ್ಷೆಗೆ ಕೂತೆ. ಮೊದಲು ಬಾಲದ ಅಡಿಗೆ ದಿಮ್ಮಿ ಕೊಟ್ಟು ನೋಡಿದೆವು. ಹಿಂಭಾರ ನಿಂತಿತು, ಮುಂಭಾರ ಎತ್ತಿನ ಹೆಗಲಿಗೇ ಉಳಿಯಿತು. ಎತ್ತು ಬಿಚ್ಚದೆ ಮೂಟೆ ಮುಟ್ಟಬಾರದು ಅನ್ನುವ ಗಾಡಿಯವರ ಪದ್ಧತಿ ಸರಿಯಾಗಿಯೇ ಇತ್ತು. ಆದರೆ ಬಿಚ್ಚಿ ಮೂಕಿ ನೆಲಕ್ಕಿಟ್ಟರೆ ಗಾಡಿಯ ಬಾಲ ಆಕಾಶ ನೋಡುತ್ತದೆ, ಕಟ್ಟೆ ಇದ್ದೂ ಉಪಯೋಗವಿಲ್ಲ. ಅಂದರೆ ಎತ್ತು ಹೊರಗೆ ಬರಬೇಕು, ಗಾಡಿ ಮಾತ್ರ ಎತ್ತು ಕಟ್ಟಿದಷ್ಟೇ ಸಮನಾಗಿ ನಿಲ್ಲಬೇಕು.

ಬಡಗಿ ಮರ ಕೊಯ್ಯುವಾಗ ಇಡುವಂಥ ನಾಲ್ಕು ಕಾಲಿನ ಕುದುರೆಯೊಂದನ್ನು ಮಾಡಿಕೊಟ್ಟ. ಎತ್ತು ಬಿಚ್ಚಿದ ಮೇಲೆ ಅದನ್ನು ಮೂಕಿಯ ಅಡಿಗೆ ತಳ್ಳುವುದು. ಚೆನ್ನಾಗಿಯೇ ಇತ್ತು. ಎರಡು ಸಲ ನಿಂತಿತು, ಮೂರನೇ ಸಲ ಸೆಗಣಿಯ ನೆಲದಲ್ಲಿ ಜಾರಿ ಮಗುಚಿಕೊಂಡಿತು. ಮೇಸ್ತ್ರಿಯ ಕಾಲು ಕೂದಲೆಳೆಯಲ್ಲಿ ಉಳಿಯಿತು. ಅವನು ಕುದುರೆಯನ್ನೂ ಬಡಗಿಯನ್ನೂ ನನ್ನನ್ನೂ ಒಂದೇ ಉಸಿರಿನಲ್ಲಿ ಬೈದು, ಬೀಡಿ ಹಚ್ಚಿಕೊಂಡು ದೂರ ಹೋಗಿ ಕೂತ. ಅಲ್ಲದೆ ಕುದುರೆ ಮೂಕಿ ಬೀಳುವುದನ್ನು ತಡೆಯುತ್ತಿತ್ತೇ ವಿನಾ ಏಳುವುದನ್ನು ತಡೆಯುತ್ತಿರಲಿಲ್ಲ. ದೊರೆಗೆ ಆದದ್ದು ಎದ್ದ ಮೂಕಿಯಿಂದ.

ಅರಕಲಗೂಡಿನ ಗೋಡೌನು ನೋಡಿ ಬರಲು ಬಸ್ಸಿನಲ್ಲಿ ಹೋಗುತ್ತಿದ್ದೆ. ದಾರಿಯಲ್ಲಿ ಬಸ್ಸು ಕೆಟ್ಟು ನಿಂತಿತು. ಇಳಿದು ಬೇಲಿಯ ಪಕ್ಕ ನಿಂತಿದ್ದೆ. ಎದುರಿಗೇ ಒಂದು ಹೊಗೆಸೊಪ್ಪಿನ ಹೊಲ. ಅದರ ಬಾಯಿಗೆ ದನ ನುಗ್ಗದಂತೆ ಎರಡು ಕಲ್ಲಿನ ಕಂಬ ನೆಟ್ಟು, ಕಂಬದ ತೂತುಗಳಿಗೆ ಅಡ್ಡಡ್ಡ ಮರದ ಗಳು ತೂರಿಸಿದ್ದರು. ಊರೂರಲ್ಲೂ ಇರುವಂಥದ್ದೇ. ಹುಟ್ಟಿದಾಗಿನಿಂದ ನೋಡಿದ್ದೆ. ಮೇಯಿಸಿಕೊಂಡು ಬಂದವನೊಬ್ಬ ಮೇಲಿನ ಗಳು ಎಳೆದು, ಎಮ್ಮೆಯನ್ನು ಒಳಗಿನ ಕೊಟ್ಟಿಗೆಯ ಕಡೆ ಹೊಡೆದು, ಮತ್ತೆ ತೂರಿಸಿದ. ನಾನು ಆ ಗಳುವನ್ನು ಒಮ್ಮೆ ಎಳೆದು, ತೂರಿಸಿ, ಮತ್ತೆ ಎಳೆದೆ. "ಯಾಕ್ ಸಾಮಿ, ಒಳಕ್ಕೆ ಬರ್ಬೇಕಾ?" ಎಂದು ಅವನು ಕೇಳಿದ. ಇಲ್ಲಪ್ಪ ಎಂದೆ. ಬಸ್ಸು ಸರಿಯಾಗಿ ಹೊರಟಿತು, ನಾನು ಹತ್ತಲಿಲ್ಲ. ಹಾಸನದ ಕಡೆಗೆ ಬರುತ್ತಿದ್ದ ಇನ್ನೊಂದು ಬಸ್ಸಿಗೆ ಕೈ ತೋರಿಸಿದೆ.

ಕಟ್ಟೆಯ ಮುಂದೆ, ಗಾಡಿಗಿಂತ ಅಗಲವಾಗಿ ಎರಡು ಕಲ್ಲಿನ ಕಂಬ. ನಡುವೆ ಗಾಡಿ ಹಿಂದಕ್ಕೆ ಬಂದು, ಮೂಕಿ ಕಂಬಗಳ ಮಧ್ಯೆ ಇರುವಂತೆ ನಿಲ್ಲುತ್ತದೆ. ಇಬ್ಬರು ಮೂಕಿ ಹಿಡಿದುಕೊಂಡರೆ ಎತ್ತುಗಳು ಆಚೆಗೆ ಬರುತ್ತವೆ. ಆಗ ಮೂಕಿಯ ಕೆಳಗೊಂದು ಗಳು, ಮೇಲೊಂದು ಗಳು. ಬೀಳುವ ಹಾಗಿಲ್ಲ, ಏಳುವ ಹಾಗಿಲ್ಲ. ಎತ್ತುಗಳ ಎತ್ತರ ಮಾತ್ರ ಒಂದೇ ಇರುವುದಿಲ್ಲ. ಚನ್ನರಾಯಪಟ್ಟಣದ ಕಡೆಯ ಎತ್ತು ಎತ್ತರ, ಅರಕಲಗೂಡಿನ ಕಡೆಯದು ಗಿಡ್ಡ. ಅದಕ್ಕೆ ಕಂಬಕ್ಕೆ ಮೇಲಿನಿಂದ ಕೆಳಕ್ಕೆ ಸಾಲಾಗಿ ತೂತು ಹೊಡೆಸಬೇಕು. ನುಗ್ಗೇಹಳ್ಳಿಯ ಕಡೆಯಿಂದ ಕಲ್ಲುಕುಟಿಗರನ್ನು ಕರೆಸಿದೆ. ಆದರೆ ಅದು ಬರೀ ಕಂಬದಿಂದಲೇ ಆಗುವ ಕೆಲಸವಾಗಿರಲಿಲ್ಲ. ಗಾಡಿಯ ಬಾಲ ಕಟ್ಟೆಯ ಮೇಲೆ ಕೂತರೆ ತಾನೆ ಅದು ಕೆಳಕ್ಕೆ ಜಾರದೆ ಇರುವುದು? ಅದಕ್ಕೆ ಚಕ್ರದ ತೊಲೆಯನ್ನು ಕಿತ್ತು ಕಟ್ಟೆಯ ಹತ್ತಿರಕ್ಕೆ ತರಬೇಕು. ಎದೆಮಟ್ಟದ ಹೊಸ ಕಟ್ಟೆಯಲ್ಲಿ ಒಂದು ಭಾಗವನ್ನು ಒಡೆದು, ಗಾಡಿಯ ಎತ್ತರಕ್ಕೆ ಇಳಿಸಬೇಕು. ಗಾರೆಯ ಹಸಿ ಇನ್ನೂ ಆರಿರಲಿಲ್ಲ. ಮೂರು ಊರಿಗೂ ಮಾದರಿ ಅಂದ ಕಟ್ಟೆ ಅದು.

ಒಂದು ದಿನ ಯೋಚನೆ ಮಾಡಿದೆ. ಕೆಲಸ ಹೋದರೆ ಹೆಂಡತಿಗೆ ಏನು ಹೇಳಲಿ ಅಂತಲೂ ಯೋಚಿಸಿದೆ. ಅವಳಿಗೆ ಹೇಳಿದೆ. ಅವಳು ಊಟದ ಬುತ್ತಿ ಕಟ್ಟುತ್ತಾ, "ಒಡೆಯೋದಾದ್ರೆ ಬೇಗ ಒಡೀರಿ. ಸುಗ್ಗಿ ಮುಗಿದುಹೋಗುತ್ತೆ" ಎಂದಳು. ಮರುದಿನ ಬೆಳಿಗ್ಗೆ ಮೊದಲ ಸುತ್ತಿಗೆ ಏಟು ನಾನೇ ಹಾಕಿದೆ. ಮೇಸ್ತ್ರಿ ಬೀಡಿ ಬಿಸಾಡಿ ಎದ್ದು ಬಂದ.

ಅರ್ಧ ಒಡೆದಿದ್ದಾಗ ಮೇಲಿನ ಆಫೀಸರು ಬಂದರು. ಜೀಪಿನಿಂದ ಇಳಿದವರು ಕಲ್ಲಿನ ರಾಶಿಯನ್ನು ನೋಡಿ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡರು.

"ಏನ್ರೀ ಇದು? ಯಾರನ್ನ ಕೇಳಿ ಒಡೆದ್ರಿ?"

"ಯಾರನ್ನೂ ಕೇಳಿಲ್ಲ ಸಾರ್. ಕೇಳಿದ್ರೆ ತಾವು ಬೇಡ ಅಂತಿದ್ರಿ."

ಅವರಿಗೆ ಸಿಟ್ಟು ಬಂತು. ಬರಬೇಕಾದ್ದೇ. ನಾನು ಮರಳಿನ ಚೀಲದ ಗಾಡಿಯಲ್ಲಿ ಮುಂಭಾರ ಹಿಂಭಾರ ಮಾಡಿ ತೋರಿಸಿದೆ. ಮೂಕಿ ಎಷ್ಟು ಏಳುತ್ತದೆ, ಯಾಕೆ ಏಳುತ್ತದೆ ಎಂದು ಹೇಳಿದೆ. ಅವರು ತಾವೇ ಒಮ್ಮೆ ಮೂಕಿಯನ್ನು ಅದುಮಿ ನೋಡಿದರು.

"ಸರಿ ಕಣ್ರೀ. ಆದ್ರೆ ಮುಂದೆ ಬರೋದೆಲ್ಲ ಲಾರಿನೇ. ಈ ಗಾಡಿಗಳು ಇನ್ನೆಷ್ಟು ವರ್ಷ ಇರ್ತವೆ?"

"ಇರೋಷ್ಟು ವರ್ಷ ಇರ್ತವೆ ಸಾರ್. ಲಾರಿಗೆ ಅಂತ ಮುಕ್ಕಾಲು ಕಟ್ಟೆ ಹಾಗೇ ಬಿಟ್ಟಿದ್ದೀನಿ."

ಅವರು ಹೊಂಗೆ ಮರದ ಕಡೆ ನಡೆದರು. ಗಾಡಿಯಕ್ಕ ಎದ್ದು ನಿಂತು ಸೆರಗು ಹೊದ್ದಳು. ದೊರೆಯ ಬಾವು ಇಳಿಯುತ್ತಾ ಬಂದಿತ್ತು, ಆ ವಾರದಿಂದ ಅವನು ಹುಲ್ಲಿಗೆ ಬಾಯಿ ಹಾಕಲು ಶುರು ಮಾಡಿದ್ದ, ಆದರೆ ಪ್ರತಿ ತುತ್ತಿಗೂ ಕತ್ತು ಓರೆ ಮಾಡಿ ನುಂಗುತ್ತಿದ್ದ. ಆಫೀಸರು ಅದನ್ನು ಬಹಳ ಹೊತ್ತು ನೋಡಿದರು. "ಎತ್ತು ಬಿಚ್ಚಬಾರದು ಅನ್ನೋ ನಿಯಮ ತೆಗೆದುಹಾಕಿ. ಕಟ್ಟೆ ವಿಷಯ ನಾನು ನೋಡ್ಕೋತೀನಿ" ಎಂದು ಜೀಪು ಹತ್ತಿದರು. ನನ್ನ ಬೆನ್ನು ಪೂರ್ತಿ ಬೆವೆತು ಅಂಗಿ ಅಂಟಿಕೊಂಡಿತ್ತು.

ಕಟ್ಟೆ ಮುಗಿಯಿತು. ಎತ್ತುಗಳಿಗೆ ಕುಡಿಯಲು ಮರದ ಕೆಳಗೆ ಕಲ್ಲುಬಾನಿ ಇರಿಸಿದೆವು. ಗಾಡಿಗಳು ಬಂದವು. ಮೊದಮೊದಲು ಗಾಡಿಯವರು ಕಂಬಗಳ ನಡುವೆ ಹಿಂದಕ್ಕೆ ಹೊಡೆಯಲು ತಿಣುಕಾಡಿದರು, ಒಬ್ಬ ಕಂಬಕ್ಕೇ ಚಕ್ರದ ಗುಂಬ ತಾಗಿಸಿದ. ಅಭ್ಯಾಸವಾದ ಮೇಲೆ ಸಲೀಸಾಯಿತು. ಗಳು ತೂರಿಸಿದರೆ ಸಾಕು, ಹಮಾಲಿಗಳು ಹಿಂದಿನದಾದರೂ ಸರಿ ಮುಂದಿನದಾದರೂ ಸರಿ ಧೈರ್ಯವಾಗಿ ಮೂಟೆ ಎಳೆಯಬಹುದು. ಎತ್ತು ನೀರು ಕುಡಿದು ನಾಲ್ಕು ಬಾಯಿ ಹುಲ್ಲು ತಿನ್ನುವಷ್ಟರಲ್ಲಿ ಗಾಡಿ ಖಾಲಿ. ಅಂಗಳದಲ್ಲಿ ಓಡಾಡಲು ಜಾಗ ಸಿಕ್ಕಿತು.

ಎಲ್ಲ ಗಾಡಿಗಳೂ ಬಂದವು, ಗಾಡಿಯಕ್ಕನದೊಂದು ಬಿಟ್ಟು. ದೊರೆ ಗುಣವಾಗಿದ್ದ. ಅವನನ್ನು ನಿಧಾನಕ್ಕೆ ನಡೆಸಿಕೊಂಡು ಊರಿಗೆ ಹೋಗಿದ್ದಳು. ಅಲ್ಲಿ ಖಾಲಿ ಗಾಡಿಗೆ ಕಟ್ಟಿ ಅಭ್ಯಾಸ ಮಾಡಿಸುತ್ತಿದ್ದಾಳೆ, ಮುಂದಕ್ಕೆ ಎಳೆಯುತ್ತಾನೆ, ಹಿಂದಕ್ಕೆ ಮಾತ್ರ ಒಂದು ಹೆಜ್ಜೆ ಇಡುವುದಿಲ್ಲ ಎಂದು ಶಾಂತಿಗ್ರಾಮದ ಗಾಡಿಯವರು ಹೇಳುತ್ತಿದ್ದರು. ಬೇರೆ ಎತ್ತು ತಗೋ ಎಂದು ಊರಲ್ಲಿ ಎಲ್ಲರೂ ಹೇಳಿದರಂತೆ. ಅವಳು ದೊರೆಯನ್ನೇ ಮತ್ತೆ ಗಾಡಿಗೆ ಕಟ್ಟಿದಳಂತೆ. ದೊಡ್ಡಗದ್ದವಳ್ಳಿಯವನು ಈ ಸುದ್ದಿಯನ್ನು ಮೂಟೆ ಹೊತ್ತುಕೊಂಡೇ ನಿಂತು ಕೇಳಿಸಿಕೊಂಡು ಒಳಗೆ ಹೋದ.

ಸುಗ್ಗಿ ಮುಗಿಯುವ ಹೊತ್ತಿಗೆ ಒಂದು ಬೆಳಿಗ್ಗೆ ಅವಳ ಗಾಡಿ ಗೇಟಿನಲ್ಲಿ ಕಂಡಿತು. ರಾಗಿ ಹೇರಿದ್ದಳು, ಪೂರ್ತಿಯಲ್ಲ, ಅರ್ಧ. ಅಂಗಳದ ನಡುವಿನವರೆಗೆ ಚೆನ್ನಾಗಿ ಬಂದಳು. ಗಾಡಿ ತಿರುಗಿಸಿ, ಕಟ್ಟೆಗೆ ಬೆನ್ನು ಮಾಡಿ, ಹಿಂದಕ್ಕೆ ಹೋಗು ಎಂದು ಹಗ್ಗ ಜಗ್ಗಿದಳು. ಮಂತ್ರಿ ಹಿಂದಕ್ಕೆ ಕಾಲಿಟ್ಟ. ದೊರೆ ನಿಂತುಬಿಟ್ಟ. ಮೈಯೆಲ್ಲ ನಡುಗುತ್ತಿತ್ತು. ಕೊರಳಿನಲ್ಲಿ ಹಗ್ಗ ಕೊಯ್ದ ಜಾಗದಲ್ಲಿ ಕೂದಲು ಬಂದಿರಲಿಲ್ಲ, ಆ ಪಟ್ಟಿ ಹಾಗೇ ಕಾಣುತ್ತಿತ್ತು.

ಒಬ್ಬ ಗಾಡಿಯವನು, "ಬಾಲ ಮುರಿಯಕ್ಕ, ಓಯ್ತದೆ" ಎಂದ. ಇನ್ನೊಬ್ಬ ಬಾರುಕೋಲು ಕೊಡಲು ಬಂದ. ಗಾಡಿಯಕ್ಕ ಇಬ್ಬರ ಕಡೆಯೂ ತಿರುಗಲಿಲ್ಲ. ಕೆಳಗಿಳಿದು ದೊರೆಯ ಮುಖವನ್ನು ಎದೆಗೆ ಒತ್ತಿಕೊಂಡಳು. "ಆಗದಿಲ್ವಾ? ಆಗದಿದ್ರೆ ಬುಡು, ಓಗಾನ ಬುಡು" ಎಂದು ಹೇಳುತ್ತಿದ್ದಳು. ಅವಳು ಅಳುತ್ತಿದ್ದಳು. ನಾನು ಅದಕ್ಕೆ ಮೊದಲು ಅವಳು ಅತ್ತದ್ದನ್ನು ನೋಡಿರಲಿಲ್ಲ.

ಮೂಟೆಗಳನ್ನು ಅಲ್ಲೇ ಇಳಿಸಿ ಹೊತ್ತು ತರಿಸೋಣ ಎಂದು ನಾನು ಮೇಸ್ತ್ರಿಗೆ ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ದೊಡ್ಡಗದ್ದವಳ್ಳಿಯವನು ಕಟ್ಟೆಯಿಂದ ಇಳಿದು ಬಂದ. ಯಾರನ್ನೂ ಕೇಳಲಿಲ್ಲ. ದೊರೆಯ ಕೊರಳ ಜೊತ್ತಿಗೆ ಬಿಚ್ಚಿ, ನೊಗ ಎತ್ತಿ, ಅವನನ್ನು ಆಚೆಗೆ ಬಿಟ್ಟ. ತಲೆಗೆ ಕಟ್ಟಿದ್ದ ವಸ್ತ್ರ ಬಿಚ್ಚಿ ಮಡಿಸಿ ಹೆಗಲಿಗೆ ಹಾಕಿಕೊಂಡ. ಬಗ್ಗಿ, ದೊರೆಯ ಜಾಗದಲ್ಲಿ, ಮಂತ್ರಿಯ ಪಕ್ಕದಲ್ಲಿ, ನೊಗಕ್ಕೆ ತಾನು ಹೆಗಲು ಕೊಟ್ಟ.

ಯಾರೂ ನಗಲಿಲ್ಲ. ಮೇಸ್ತ್ರಿ ಗಾಡಿಯ ಮುಂದಕ್ಕೆ ಹೋಗಿ ಮೂಕಿ ಹಿಡಿದ. ಇನ್ನಿಬ್ಬರು ಚಕ್ರಕ್ಕೆ ಕೈ ಕೊಟ್ಟರು. ನಾನೂ ಹೋದೆ. ಹಮಾಲಿ ಒಂದು ಕಡೆ, ಮಂತ್ರಿ ಒಂದು ಕಡೆ, ಗಾಡಿ ಹೆಜ್ಜೆ ಹೆಜ್ಜೆಯಾಗಿ ಹಿಂದಕ್ಕೆ ಸರಿಯಿತು. ಹಮಾಲಿಯ ಕತ್ತಿನ ನರಗಳು ಹುರಿಗಟ್ಟಿದ್ದವು. ಕಂಬಗಳ ನಡುವೆ ಬಂತು. ಬಾಲ ಕಟ್ಟೆಯ ಮೇಲೆ ಕೂತಿತು. ಮಂತ್ರಿಯನ್ನು ಬಿಚ್ಚಿದರು, ಗಳು ತೂರಿಸಿದರು. ದೊಡ್ಡಗದ್ದವಳ್ಳಿಯವನು ಎಲ್ಲರಿಗಿಂತ ಕೊನೆಗೆ ನೊಗದ ಅಡಿಯಿಂದ ಹೊರಗೆ ಬಂದ. ನೆಟ್ಟಗೆ ನಿಲ್ಲಲು ಸ್ವಲ್ಪ ಹೊತ್ತು ಬೇಕಾಯಿತು. ನಿಂತವನು ಗಾಡಿ ಹತ್ತಿ ಮೂಟೆ ಎತ್ತಿಕೊಡಲು ಶುರು ಮಾಡಿದ.

ಇಷ್ಟು ಹೊತ್ತೂ ದೊರೆ ಅಂಗಳದ ನಡುವೆ ಗಾಡಿಯಕ್ಕನ ಪಕ್ಕ ನಿಂತು ನೋಡುತ್ತಿದ್ದ. ಅವನಿಗೆ ಏನು ಅರ್ಥವಾಯಿತೋ ನಾನು ಹೇಳಲಾರೆ. ಮೂಟೆ ಇಳಿಯುತ್ತಿದ್ದವು, ಮೂಕಿ ಅಲುಗುತ್ತಿರಲಿಲ್ಲ, ಯಾವ ಸದ್ದೂ ಇರಲಿಲ್ಲ. ಗಾಡಿ ಖಾಲಿಯಾಯಿತು. ಈಗ ಅದನ್ನು ಹೊರಗೆ ಎಳೆಯಲು ಎತ್ತುಗಳು ಕಟ್ಟೆಯ ಹತ್ತಿರಕ್ಕೇ ಬರಬೇಕು. ಗಾಡಿಯಕ್ಕ ಮಂತ್ರಿಯನ್ನು ಮೊದಲು ಹೊಡೆದುಕೊಂಡು ಬಂದು ನೊಗಕ್ಕೆ ನಿಲ್ಲಿಸಿದಳು. ದೊರೆಯ ಹಗ್ಗ ಹಿಡಿಯಲಿಲ್ಲ, ಕರೆಯಲೂ ಇಲ್ಲ. ಸುಮ್ಮನೆ ನೊಗ ಎತ್ತಿ ಹಿಡಿದು ನಿಂತಳು.

ದೊರೆ ನಾಲ್ಕು ಹೆಜ್ಜೆ ಬಂದು ನಿಂತ. ಕಂಬವನ್ನು ಮೂಸಿದ. ಮತ್ತೆ ನಿಂತ. ಆಮೇಲೆ ಅವನು ತಾನಾಗಿ ಒಳಕ್ಕೆ ಬಂದು, ಮಂತ್ರಿಯ ಪಕ್ಕ ನಿಂತು, ತಲೆ ತಗ್ಗಿಸಿ ನೊಗದ ಅಡಿಗೆ ಕತ್ತು ಕೊಟ್ಟ.

ಗಾಡಿಯಕ್ಕ ಜೊತ್ತಿಗೆಯನ್ನು ಸಡಿಲವಾಗಿ ಕಟ್ಟಿದಳು. ಅವನ ಕೊರಳ ಮೇಲೆ ಕೈಯಾಡಿಸಿದಳು. ಗಾಡಿ ಹತ್ತಲು ಗಾಲಿಯ ಮೇಲೆ ಕಾಲಿಟ್ಟವಳು ಇಳಿದು ಕಟ್ಟೆಯ ಕಡೆ ತಿರುಗಿದಳು. ದೊಡ್ಡಗದ್ದವಳ್ಳಿಯವನು ವಸ್ತ್ರ ಕೊಡವಿ ಮತ್ತೆ ತಲೆಗೆ ಸುತ್ತಿಕೊಳ್ಳುತ್ತಿದ್ದ.

"ಎಗಲು ನೋಯ್ತದೇನ್ಲಾ?" ಎಂದು ಕೇಳಿದಳು.

ಅವನ ಕೈ ಹಾಗೇ ನಿಂತಿತು.

"ಒಸಿ ನೋಯ್ತದೆ ಕಣಕ್ಕ" ಎಂದ.